ಹಾವುರಾಣಿಯ ಆರು ಮೊಟ್ಟೆ

ನಾನು ಓದಿದ್ದು ಕೋಳಿಮೊಟ್ಟೆ. ಹೀಗೆ ಹೇಳಿದರೆ ಜನ ನಗುತ್ತಾರೆ, ನಗಲಿ. ಪಶುವೈದ್ಯ ಓದಿ, ಅದರಲ್ಲಿ ಕೋಳಿಯನ್ನು ಆರಿಸಿಕೊಂಡು, ಕೋಳಿಯಲ್ಲೂ ಮೊಟ್ಟೆಯೊಳಗೆ ಮರಿ ಬೆಳೆಯುವ ಆ ಮೂರು ವಾರಗಳನ್ನೇ ಹಿಡಿದು ಕೂತವಳು ನಾನು. ಎರ್ನಾಕುಲಂನಲ್ಲಿ ಆಫೀಸಿರುವ ಒಂದು ಹ್ಯಾಚರಿ ಕಂಪನಿಯಲ್ಲಿ ಕೆಲಸ. ಮೊಟ್ಟೆಗಳನ್ನಿಡುವ ಯಂತ್ರಕ್ಕೆ ಎಷ್ಟು ಶಾಖ ಬೇಕು, ಎಷ್ಟು ತೇವ ಬೇಕು, ಮೊಟ್ಟೆಯನ್ನು ಎಷ್ಟು ಹೊತ್ತಿಗೊಮ್ಮೆ ಹೊರಳಿಸಬೇಕು ಎನ್ನುವುದನ್ನೆಲ್ಲ ನಾನೇ ನೋಡಿಕೊಳ್ಳುತ್ತೇನೆ. ನನ್ನ ಕೈಕೆಳಗೆ ಹುಟ್ಟಿದ ಮರಿಗಳಿಗೆ ಲೆಕ್ಕವಿಲ್ಲ. ಈ ಮಾತು ಹೇಳುವಾಗ ಮೊದಲು ನನಗೆ ಸ್ವಲ್ಪ ಜಂಬವೇ ಇರುತ್ತಿತ್ತು. ಹೋದ ವರ್ಷ ಮಳೆಗಾಲಕ್ಕೆ ಮುಂಚೆ, ತಿರುವನಂತಪುರದ ನಮ್ಮ ಬಾಡಿಗೆ ಮನೆಯಲ್ಲಿ, ಆ ಜಂಬ ಇಳಿಯಿತು.

ಮನೆ ಪಟ್ಟಂನಲ್ಲಿದೆ. ಗಂಡ ಬಾಹ್ಯಾಕಾಶ ಕೇಂದ್ರದಲ್ಲಿ ವಿಜ್ಞಾನಿ. ಮಗಳು ಹಾಲುಹಲ್ಲು ಬೀಳುವ ಮುಂಚೆಯೇ ಇಲ್ಲಿಗೆ ಬಂದವಳು, ಈಗ ಐದನೆಯ ತರಗತಿ. ನಮ್ಮ ಧಾರವಾಡದ ಮಾತು ಅವಳಿಗೆ ಪೂರ್ತಿ ತಿಳಿಯುತ್ತದೆ, ಬೈದರೆ ಇನ್ನೂ ಚೆನ್ನಾಗಿ ತಿಳಿಯುತ್ತದೆ, ಆದರೆ ಉತ್ತರ ಬರುವುದು ಮಲಯಾಳದಲ್ಲಿ. ನಾನು ಸೋಮವಾರ ಬೆಳಗಿನ ರೈಲಿಗೆ ಎರ್ನಾಕುಲಂಗೆ ಹೋಗುತ್ತೇನೆ, ಶುಕ್ರವಾರ ಸಂಜೆಯ ರೈಲಿಗೆ ವಾಪಸ್. ನಡುವಿನ ದಿನಗಳಲ್ಲಿ ನಾನು ಫೋನಿನಲ್ಲಿ ತಾಯಿ. ಊಟ ಆಯಿತಾ, ಹೋಂವರ್ಕ್ ಆಯಿತಾ ಎಂದು ಕೇಳುವುದು, ಅವಳು ಬೇಸರದಿಂದ ಹೂಂಗುಟ್ಟುವುದು, ಅಷ್ಟರಲ್ಲಿ ಮಾತು ಮುಗಿಯುತ್ತಿತ್ತು. ಇದು ನನಗೆ ಒಳಗೊಳಗೇ ಕೊರೆಯುತ್ತಿತ್ತು. ಕೊರೆದಷ್ಟೂ ಗಂಡನ ಮೇಲೆ ರೇಗುತ್ತಿದ್ದೆ, ಅವರದೇನೂ ತಪ್ಪಿಲ್ಲದಿದ್ದರೂ.

ಒಂದು ಶನಿವಾರ ಹಿತ್ತಲಲ್ಲಿ ಹೊಸ ನೀರಿನ ಪೈಪು ಹಾಕಿಸಬೇಕೆಂದು, ಕಾಂಪೌಂಡಿಗೆ ಒತ್ತಿ ಬಿದ್ದಿದ್ದ ಒಡಕು ಹಂಚಿನ ರಾಶಿಯನ್ನು ಸರಿಸುತ್ತಿದ್ದೆವು. ನಾನು, ಮಗಳು, ಮತ್ತು ಮಹಡಿಯ ಮೇಲಿರುವ ಮನೆಯ ಒಡತಿ. ಅವರನ್ನು ನಾವು ಚೇಚಿ, ಅಂದರೆ ಅಕ್ಕ, ಎನ್ನುತ್ತೇವೆ. ಕೆಲಸ ನಾವು ಮಾಡುತ್ತಿದ್ದೆವು, ಸಲಹೆ ಅವರದು. ಒಂದು ದೊಡ್ಡ ಹಂಚು ಎತ್ತಿದಾಗ ಅದರಡಿಯಿಂದ ಹಾವುರಾಣಿ ಹೊರಗೆ ನುಗ್ಗಿತು. ಹಲ್ಲಿಗಿಂತ ದಪ್ಪ, ಓತಿಕ್ಯಾತಕ್ಕಿಂತ ನುಣುಪು, ಎಣ್ಣೆ ಹಚ್ಚಿಕೊಂಡಂತೆ ಮಿರುಗುವ ಕಂದು ಮೈ. ಮಗಳ ಚಪ್ಪಲಿಯ ಪಕ್ಕದಿಂದಲೇ ಹಾದು, ಗೋಡೆಯ ಬುಡದ ಬಿರುಕಿನಲ್ಲಿ ಮಾಯವಾಯಿತು.

"ಮೋಳೇ, ಮಾರಿಕ್ಕೋ. ಅರಣ ಕಡಿಚ್ಚಾಲ್ ಪಿನ್ನೆ ರಕ್ಷಯಿಲ್ಲ," ಎಂದು ಚೇಚಿ ಮಗಳ ರಟ್ಟೆ ಹಿಡಿದು ಎಳೆದರು. ಇಲ್ಲಿ ಹಾವುರಾಣಿಗೆ ಅರಣ ಎಂದು ಹೆಸರು. ಅದು ಕಡಿದರೆ ಬದುಕುವ ಆಸೆ ಬಿಡಬೇಕು ಎನ್ನುವುದು ಇಲ್ಲಿಯವರ ನಂಬಿಕೆ. ಆಮೇಲೆ ಅವರೇ ಸಮಾಧಾನವನ್ನೂ ಹೇಳಿದರು. ಅರಣಕ್ಕೆ ಮರೆವು ಜಾಸ್ತಿಯಂತೆ. ಕಡಿಯಬೇಕೆಂದು ಹೊರಡುತ್ತದಂತೆ, ಹತ್ತಿರ ಬರುವಷ್ಟರಲ್ಲಿ ಯಾಕೆ ಬಂದೆ ಎನ್ನುವುದೇ ನೆನಪಿರುವುದಿಲ್ಲವಂತೆ. ಮಗಳು ಕಿಸಕ್ಕನೆ ನಕ್ಕಳು. ನಾನು ನಗಲಿಲ್ಲ. ಇಂಥ ಮಾತು ಕೇಳಿದರೆ ನನಗೆ ಮೂಗಿನ ತುದಿಗೇ ಸಿಟ್ಟು. ಅದಕ್ಕೆ ವಿಷವೇ ಇಲ್ಲ, ಅದರ ಇಡೀ ಕುಟುಂಬದಲ್ಲಿ ಒಂದಕ್ಕೂ ಇಲ್ಲ ಎಂದು, ನನಗೆ ಬರುವ ಹರಕು ಮಲಯಾಳದಲ್ಲಿ ಪಾಠ ಮಾಡಿದೆ.

ಹಂಚಿನ ಕೆಳಗಿನ ಹಸಿ ಮಣ್ಣಿನಲ್ಲಿ ಆರು ಮೊಟ್ಟೆಗಳಿದ್ದವು. ಬಿಳಿಯವು, ದೊಡ್ಡ ಶೇಂಗಾ ಕಾಳಿನಷ್ಟು, ಮುಟ್ಟಿದರೆ ತೊಗಲಿನ ಹಾಗೆ ಮೆತ್ತಗೆ. ಐದು ಬಿಡಿಯಾಗಿದ್ದವು. ಆರನೆಯದು ಹಂಚಿನ ಒಂದು ಚೂರಿನ ಕುಳಿಯಲ್ಲಿ ಮಣ್ಣಿನ ಸಮೇತ ಅಂಟಿಕೊಂಡಿತ್ತು. ಕುದಿಯುವ ನೀರು ಹೊಯ್ದುಬಿಡೋಣ ಎಂದು ಚೇಚಿ ಒಳಗೆ ಹೊರಟೇಬಿಟ್ಟರು. ಮಗಳು ನನ್ನ ಮುಖ ನೋಡಿದಳು. ಎಷ್ಟೋ ತಿಂಗಳ ಮೇಲೆ ಅವಳು ನನ್ನಿಂದ ಏನನ್ನೋ ಬಯಸಿ ನೋಡಿದ ನೋಟ ಅದು.

"ಈ ತತ್ತಿ ನಾ ಮರಿ ಮಾಡಿ ತೋರಸ್ತೀನಿ," ಅಂದೆ. ನಮ್ಮ ಕಡೆ ಮೊಟ್ಟೆಗೆ ತತ್ತಿ ಅನ್ನುತ್ತೇವೆ. "ನಿಮ್ಮವ್ವನ ಕೆಲಸನ ಅದ ಅಲ್ಲೇನು."

ಉಳ್ಳೂರಿನ ನರ್ಸರಿಯಿಂದ ತೆಂಗಿನ ನಾರಿನ ಪುಡಿ ತಂದೆವು. ಖಾಲಿ ಐಸ್‌ಕ್ರೀಮ್ ಡಬ್ಬಿಯಲ್ಲಿ ಅದನ್ನು ಒದ್ದೆ ಮಾಡಿ ಹಾಸಿ, ಮುಚ್ಚಳಕ್ಕೆ ತೂತು ಕೊರೆದು, ಬಿಸಿ ಗಾಳಿ ಬರುವ ಫ್ರಿಜ್ಜಿನ ಹಿಂದೆ ಇಟ್ಟೆವು. ಮೊಟ್ಟೆಗಳನ್ನು ಡಬ್ಬಿಗೆ ಹಾಕುವ ಮುಂಚೆ ಪೆನ್ಸಿಲಿನಿಂದ ಒಂದು ಮಗ್ಗುಲಿಗೆ ಗುಣಿಸುವ ಗುರುತು, ಇನ್ನೊಂದು ಮಗ್ಗುಲಿಗೆ ಸೊನ್ನೆ ಹಾಕಿದೆ, ಹಂಚಿಗೆ ಅಂಟಿದ್ದಕ್ಕೆ ಮೇಲಿನ ಗುರುತಷ್ಟೇ. ಕೋಳಿಮೊಟ್ಟೆಗೆ ಹೀಗೆಯೇ ಮಾಡುವುದು. ಬೆಳಿಗ್ಗೆ ಗುಣಿಸು ಮೇಲಿದ್ದರೆ ಮಧ್ಯಾಹ್ನ ಸೊನ್ನೆ ಮೇಲೆ ಬರಬೇಕು. ಹೊರಳಿಸದೆ ಬಿಟ್ಟರೆ ಒಳಗಿನ ಮರಿ ಚಿಪ್ಪಿಗೆ ಅಂಟಿಕೊಂಡು ಸಾಯುತ್ತದೆ. ಗೂಡಿನಲ್ಲಿ ಕೂತ ಕೋಳಿ ದಿನವಿಡೀ ಕೊಕ್ಕಿನಿಂದ ಮೊಟ್ಟೆ ಹೊರಳಿಸುತ್ತಲೇ ಇರುವುದು ಇದಕ್ಕಾಗಿ. ಇಷ್ಟನ್ನೂ ಮಗಳಿಗೆ ವಿವರಿಸಿ, ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಮೆಲ್ಲಗೆ ಹೊರಳಿಸುವುದನ್ನು ಕಲಿಸಿದೆ. ಬೆಳಿಗ್ಗೆ ಎದ್ದ ಮೇಲೆ ಒಮ್ಮೆ, ಸಂಜೆ ಒಮ್ಮೆ, ಮಲಗುವ ಮುಂಚೆ ಒಮ್ಮೆ. ಹಂಚಿಗೆ ಅಂಟಿದ್ದನ್ನು ನೀರು ಚಿಮುಕಿಸಿ ಬಿಡಿಸಿಕೊಂಡು ಹೊರಳಿಸು ಎಂದೂ ಹೇಳಿದೆ. ಅವಳ ಬೆರಳು ನನ್ನದಕ್ಕಿಂತ ನಯವಾಗಿ ಆಡುತ್ತಿತ್ತು. ಹೆಮ್ಮೆ ಅನ್ನಿಸಿತು.

ಗಂಡ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದರು. "ಕೋಳಿ ತತ್ತಿಗೆ ಮಾಡಿಧಂಗ ಇದಕ್ಕೂ ಮಾಡಬೇಕೇನು? ಒಮ್ಮೆ ನೋಡ್ಕೊಂಡ್ರ ಛಲೋ," ಎಂದರು.

"ರಾಕೆಟ್ ನಿಮ್ಮದು, ತತ್ತಿ ನಂದು," ಎಂದೆ. "ನಿಮ್ಮ ರಾಕೆಟ್ಟಿನಾಗ ನಾ ಎಂದರ ಬಾಯಿ ಹಾಕೀನೇನು?"

ಮಗಳು ಅಪ್ಪನನ್ನು ನೋಡಿ ನಕ್ಕಳು. ಅವರು ಕೈಯೆತ್ತಿ ಶರಣಾದಂತೆ ನಟಿಸಿ ಒಳಗೆ ಹೋದರು. ಈಗ ಆ ಗಳಿಗೆಯನ್ನು ನೆನೆಸಿಕೊಂಡರೆ ನಾಚಿಕೆಯಾಗುತ್ತದೆ. ಒಂದು ಸರಿಯಾದ ಪ್ರಶ್ನೆ ನಮ್ಮ ಅಡುಗೆಮನೆಗೆ ಬಂದಿತ್ತು. ನಾನು ಅದನ್ನು ಗೇಲಿ ಮಾಡಿ ಕಳಿಸಿದೆ.

ಅಂದಿನಿಂದ ನಮ್ಮ ಸಂಜೆಯ ಫೋನು ಬದಲಾಯಿತು. ಮಗಳೇ ಕರೆ ಮಾಡತೊಡಗಿದಳು. ಎರ್ನಾಕುಲಂನ ಹಾಸ್ಟೆಲಿನಲ್ಲಿ ಚಪ್ಪಲಿ ಬಿಚ್ಚುವಷ್ಟರಲ್ಲಿ ಪರದೆಯ ಮೇಲೆ ಅವಳ ಮುಖ. "ಆರೂ ಹೊರಳಿಸಿದೇನು?" ಎಂದು ನಾನು ಕೇಳಬೇಕು. "ಆರುಂ," ಎಂದು ಅವಳು ಹೇಳಬೇಕು. ಆಮೇಲೆ ಅವಳ ಪ್ರಶ್ನೆಗಳು. ಅರಣಕ್ಕೆ ಹಾವು ನೆಂಟನಾ? ಅದಕ್ಕೆ ಕಣ್ಣು ರೆಪ್ಪೆ ಇದೆಯಾ? ಬಾಲ ಕತ್ತರಿಸಿದರೆ ನೋವಾಗುವುದಿಲ್ಲವಾ? ನನಗೆ ಗೊತ್ತಿದ್ದದ್ದು ಕಡಿಮೆ. ಗೊತ್ತಿಲ್ಲ ಎನ್ನಲು ಮನಸ್ಸಿರಲಿಲ್ಲ. ಹಾಗಾಗಿ ಮೆಟ್ರೋದಲ್ಲಿ, ಊಟದ ಹೊತ್ತಿನಲ್ಲಿ, ಮೊಬೈಲಿನಲ್ಲಿ ಹಾವುರಾಣಿಯ ಕುಟುಂಬದ ಬಗ್ಗೆ ಓದತೊಡಗಿದೆ. ಸಂಜೆ ಅವಳಿಗೆ ಹೇಳುವುದಕ್ಕೆ ಏನಾದರೂ ಬೇಕಿತ್ತು.

ಓದುತ್ತ ಹೋದಂತೆ ನನಗೇ ಹುಚ್ಚು ಹಿಡಿಯಿತು. ಹಲ್ಲಿಯ ಜಾತಿಯ ಪ್ರಾಣಿಗಳಲ್ಲೇ ಅತಿ ದೊಡ್ಡ ಕುಟುಂಬಗಳಲ್ಲಿ ಇದೂ ಒಂದು. ಹಿಮದ ಖಂಡವೊಂದನ್ನು ಬಿಟ್ಟು ಎಲ್ಲ ಕಡೆ ಇದೆ. ದೊಡ್ಡ ಡೈನೋಸಾರುಗಳು ಇನ್ನೂ ಓಡಾಡುತ್ತಿದ್ದ ಕಾಲಕ್ಕೇ ಇದರ ಹಿರಿಯರು ಎಲೆ ಕಸದಡಿ ಹುಳು ಹಿಡಿಯುತ್ತಿದ್ದರು. ಮೈಮೇಲಿನ ಹುರುಪೆಯ ಅಡಿಯಲ್ಲಿ ಸಣ್ಣ ಸಣ್ಣ ಮೂಳೆಯ ಬಿಲ್ಲೆಗಳಿವೆ, ಅದಕ್ಕೇ ಅದು ಅಷ್ಟು ಗಟ್ಟಿ, ಅಷ್ಟು ನುಣುಪು. ಹಾವು ಇದರ ಹತ್ತಿರದ ನೆಂಟನಲ್ಲ. ಆದರೆ ಈ ಕುಟುಂಬದಲ್ಲಿ ಕಾಲು ಬೇಡವೆಂದು ಬಿಟ್ಟವರು ಬಹಳ ಜನ. ಮರಳಿನಲ್ಲಿ, ಸಡಿಲ ಮಣ್ಣಿನಲ್ಲಿ ಈಜಿಕೊಂಡು ಬದುಕುವವಕ್ಕೆ ಕಾಲು ಅಡ್ಡಿ. ಒಂದು ಕಡೆ ಮಾತ್ರವಲ್ಲ, ಬೇರೆ ಬೇರೆ ದೇಶಗಳಲ್ಲಿ, ಒಂದಕ್ಕೊಂದು ಸಂಬಂಧವಿಲ್ಲದೆ, ಮತ್ತೆ ಮತ್ತೆ ಕಾಲು ಸಣ್ಣದಾಗಿ, ಬೆರಳು ಉದುರಿ, ಕೊನೆಗೆ ಬರೀ ಉದ್ದನೆಯ ಮೈ ಉಳಿದಿದೆ. ಕೆಲವಕ್ಕೆ ಕೆಳರೆಪ್ಪೆಯಲ್ಲಿ ಗಾಜಿನಂಥ ಕಿಟಕಿ ಇದೆ, ಕಣ್ಣು ಮುಚ್ಚಿಕೊಂಡೂ ನೋಡುತ್ತವೆ. ಇದನ್ನು ಹೇಳಿದ ದಿನ ಮಗಳು ಕಣ್ಣು ಮುಚ್ಚಿಕೊಂಡು ಮನೆಯೆಲ್ಲ ಓಡಾಡಿ ಸೋಫಾಕ್ಕೆ ಮೊಣಕಾಲು ಬಡಿಸಿಕೊಂಡಳು.

ಮೊಟ್ಟೆಯ ವಿಷಯದಲ್ಲೂ ಈ ಕುಟುಂಬಕ್ಕೆ ಒಂದೇ ಮನಸ್ಸಿಲ್ಲ. ಕೆಲವು ಮೊಟ್ಟೆ ಇಡುತ್ತವೆ, ಕೆಲವು ನಮ್ಮ ಹಾಗೆ ಮರಿಯನ್ನೇ ಹೆರುತ್ತವೆ. ಕೆಲವರಲ್ಲಿ ತಾಯಿ ಮೊಟ್ಟೆಗೆ ಮೈ ಸುತ್ತಿ ಕಾಯುತ್ತದೆ, ಕೆಲವರಲ್ಲಿ ಹೂತಿಟ್ಟು ಹೊರಟುಹೋಗುತ್ತದೆ. ನಮ್ಮ ಹಿತ್ತಲಿನದು ಯಾವ ಥರದ್ದೆಂದು ನನಗೆ ಗೊತ್ತಿರಲಿಲ್ಲ. ಹೂತಿಟ್ಟು ಹೋಗುವುದೇ ಇರಬೇಕು ಎಂದೆ.

ಫೋನಿನಲ್ಲಿ ಮಗಳು ಡಬ್ಬಿಯ ಮುಚ್ಚಳ ಹಾಕುವುದು ಕಂಡಿತು. ಆಮೇಲೆ, "ವೆಳ್ಳಿಯಾಳ್ಚ ವರುಮೋ?" ಎಂದು ಕೇಳಿದಳು. ಶುಕ್ರವಾರ ಬರುತ್ತದಾ ಎಂದು. ತಮಾಷೆಗೆ ಕೇಳಿದಳೋ ನಿಜಕ್ಕೂ ಕೇಳಿದಳೋ ತಿಳಿಯಲಿಲ್ಲ. ನಾನು ನಕ್ಕೆ, ಆದರೆ ಆ ಮಾತು ಎದೆಗೆ ನಾಟಿತು.

ಹೀಗೆ ಅದರ ಹಲ್ಲು, ಹುರುಪೆ, ಕಾಲು, ಕಣ್ಣು ಎಲ್ಲ ಓದಿದೆ. ಓದದೆ ಬಿಟ್ಟಿದ್ದು ಒಂದೇ ಸಂಗತಿ. ಮೊಟ್ಟೆ ನೋಡಿಕೊಳ್ಳುವುದು ಹೇಗೆ ಎಂದು ಹುಡುಕಲಿಲ್ಲ. ಅದು ನನಗೆ ಗೊತ್ತಿತ್ತಲ್ಲ. ಶನಿವಾರ ಭಾನುವಾರ ನಾನು ಹೊರಳಿಸಲು ಹೋದರೆ ಮಗಳು ಬಿಡುತ್ತಿರಲಿಲ್ಲ, ಅದು ತನ್ನ ಕೆಲಸ ಎನ್ನುತ್ತಿದ್ದಳು. ಬೆನ್ನು ನನ್ನ ಕಡೆ ಮಾಡಿ, ಡಬ್ಬಿಯ ಮೇಲೆ ಬಾಗಿ, ಉಸಿರು ಬಿಗಿಹಿಡಿದು ಮಾಡುತ್ತಿದ್ದಳು. ನನ್ನ ಮಗಳು ನನ್ನ ಕಸುಬಿಗೇ ಬಂದಳು ಎಂದು ಗಂಡನ ಮುಂದೆ ಬೀಗಿದೆ.

ಮೂರನೆಯ ವಾರ, ಒಂದು ಬುಧವಾರ, ಎರ್ನಾಕುಲಂ ಆಫೀಸಿನಲ್ಲಿ ಹೊಸದಾಗಿ ಸೇರಿದವರಿಗೆ ತರಬೇತಿ ಇತ್ತು. ಇದನ್ನು ಎಷ್ಟು ಸಲ ಮಾಡಿದ್ದೇನೋ, ಬಾಯಿಪಾಠ. ಕೋಳಿಮೊಟ್ಟೆ ಒಡೆದಾಗ ಹಳದಿಯ ಎರಡು ಪಕ್ಕದಲ್ಲಿ ಬಿಳಿಯ ಹುರಿಯಂಥದ್ದು ಕಾಣುತ್ತದಲ್ಲ, ಅದನ್ನು ತೋರಿಸಿ ಹೇಳುತ್ತಿದ್ದೆ. ಆ ಹುರಿ ಹಳದಿಯನ್ನು ನಡುವಿನಲ್ಲಿ ತೂಗುಹಾಕಿ ಹಿಡಿದಿರುತ್ತದೆ, ಮೊಟ್ಟೆ ಹೇಗೆ ಹೊರಳಿದರೂ ಮರಿ ಮೇಲ್ಗಡೆಗೇ ತಿರುಗಿಕೊಳ್ಳುತ್ತದೆ. ಹೊರಳಿಸದ ಮೊಟ್ಟೆ ಸತ್ತ ಮೊಟ್ಟೆ, ಇದು ಯಾವ ಮೊಟ್ಟೆಗೂ ಸತ್ಯ, ಇದನ್ನು ತಾಯಿಗೆ ಯಾರೂ ಹೇಳಿಕೊಡಬೇಕಾಗಿಲ್ಲ ಎಂದೆ.

ಹೇಳಿದ ಬಾಯಿ ಹಾಗೆಯೇ ನಿಂತಿತು. ಯಾವ ಮೊಟ್ಟೆಗೂ ಎಂದಿದ್ದೆ. ಹೂತಿಟ್ಟು ಹೊರಟುಹೋಗುವ ತಾಯಿಯ ಮೊಟ್ಟೆಯನ್ನು ಮಣ್ಣಿನೊಳಗೆ ಯಾರು ಹೊರಳಿಸುತ್ತಾರೆ? ಹೂತಿಟ್ಟು ಹೋಗುತ್ತದೆ ಎಂದು ಮಗಳಿಗೆ ಹೇಳಿದವಳು ನಾನೇ. ಎದುರಿಗೆ ಕೂತವರು ಬರೆದುಕೊಳ್ಳಲು ಕಾಯುತ್ತಿದ್ದರು. ಉಳಿದದ್ದನ್ನು ಏನೋ ಹೇಳಿ ಮುಗಿಸಿದೆ.

ಸಂಜೆ ಮೆಟ್ರೋದಲ್ಲಿ ನಿಂತುಕೊಂಡೇ ಹುಡುಕಿದೆ. ಹುಡುಕಲು ಕಷ್ಟವೇ ಆಗಲಿಲ್ಲ. ಹಲ್ಲಿ ಸಾಕುವ ಹವ್ಯಾಸಿಗಳಿಗೆಲ್ಲ ಗೊತ್ತಿರುವ ಮೊದಲ ಪಾಠ ಅದು. ಹಾವುರಾಣಿಯ ಮೊಟ್ಟೆಯಲ್ಲಿ ಬಿಳಿಯ ಭಾಗ ಇಲ್ಲವೆನ್ನುವಷ್ಟು ಕಡಿಮೆ, ತೂಗುಹಾಕುವ ಆ ಹುರಿ ಇಲ್ಲವೇ ಇಲ್ಲ. ಭ್ರೂಣ ಮೇಲಕ್ಕೆ ಬಂದು ಚಿಪ್ಪಿನ ಒಳಮೈಗೆ ಅಂಟಿಕೊಳ್ಳುತ್ತದೆ, ಅಲ್ಲೇ ನೆಲೆಯೂರಿ ಬೆಳೆಯುತ್ತದೆ. ಹೊರಳಿಸಿದರೆ ಹಳದಿಯ ಭಾರವೆಲ್ಲ ಅದರ ಮೇಲೆ ಬೀಳುತ್ತದೆ, ಎಳೆಯ ಪೊರೆಗಳು ಹರಿಯುತ್ತವೆ. ಇಂಥ ಮೊಟ್ಟೆಗೂ ಪೆನ್ಸಿಲಿನ ಗುರುತು ಹಾಕುತ್ತಾರೆ. ಮೇಲಿನ ಮಗ್ಗುಲು ಯಾವಾಗಲೂ ಮೇಲೆಯೇ ಇರಲಿ ಎಂದು ಹಾಕುತ್ತಾರೆ. ಕೋಳಿಯ ಹಿರಿಯರು, ಹಾವುರಾಣಿಯ ಹಿರಿಯರು ಬೇರೆ ಬೇರೆ ದಾರಿ ಹಿಡಿದು ಮೂವತ್ತು ಕೋಟಿ ವರ್ಷಗಳ ಹತ್ತಿರ ಆಗಿದೆ. ಕೋಳಿಗೆ ಹಾವುರಾಣಿಗಿಂತ ಮೊಸಳೆ ಹತ್ತಿರದ ನೆಂಟ, ಆ ಮೊಸಳೆಯ ಮೊಟ್ಟೆಯನ್ನೂ ಹೊರಳಿಸಬಾರದು. ಹೊರಳಿಸುವುದು ಹಕ್ಕಿಗಳ ಮನೆಯ ಪದ್ಧತಿ. ಒಂದು ಮನೆಯ ಪದ್ಧತಿಯನ್ನು ನಾನು ಇಡೀ ಭೂಮಿಗೆ ಕಾನೂನು ಮಾಡಿಕೊಂಡಿದ್ದೆ.

ಮೊಟ್ಟೆಗಳು ಸತ್ತಿರುತ್ತವೆ ಎಂದು ಸಂಕಟವಾಯಿತು. ಆದರೆ ಹೆದರಿದ್ದು ಅದಕ್ಕಲ್ಲ. ಕೊಲ್ಲುವ ಕೆಲಸ ಮಗಳ ಬೆರಳಿನಿಂದ ಮಾಡಿಸಿದ್ದೆ. ದಿನಕ್ಕೆ ಮೂರು ಹೊತ್ತು, ನಯವಾಗಿ, ಉಸಿರು ಬಿಗಿಹಿಡಿದು. ಇದು ಅವಳಿಗೆ ತಿಳಿದರೆ ಅವಳು ತನ್ನ ಕೈಯನ್ನು ಹೇಗೆ ನೋಡಿಕೊಳ್ಳುತ್ತಾಳೆ ಎನ್ನುವುದೊಂದೇ ತಲೆಯಲ್ಲಿ ಸುತ್ತುತ್ತಿತ್ತು.

ಹಾಸ್ಟೆಲಿಗೆ ಬರುವಷ್ಟರಲ್ಲಿ ಅವಳ ಕರೆ ಬಂತು. ಕೂದಲು ಒದ್ದೆ, ಆಗಷ್ಟೇ ತಲೆ ಸ್ನಾನ ಆಗಿತ್ತು. ಡಬ್ಬಿ ತೊಡೆಯ ಮೇಲಿತ್ತು, ಹೊರಳಿಸುವ ಹೊತ್ತು.

"ಇವತ್ತಿಂದ ಹೊರಳಸೂದು ಬ್ಯಾಡ," ಅಂದೆ.

ಯಾಕೆ ಎಂದು ಕೇಳಿದಳು. ನಿಜವನ್ನು ಆಗಲೇ ಹೇಳಬೇಕಿತ್ತು. ನಾಲಿಗೆಗೆ ಬಂದದ್ದು ಬೇರೆ. ಕೋಳಿಮೊಟ್ಟೆಯನ್ನು ಕೊನೆಯ ಮೂರು ದಿನ ಹೊರಳಿಸುವುದಿಲ್ಲ, ಮರಿ ಹೊರಬರಲು ಸಿದ್ಧವಾಗಿ ಕೂತಿರುತ್ತದೆ. ಇದು ನಮ್ಮ ಕಸುಬಿನ ನಿಯಮ, ಅವಳಿಗೂ ನಾನು ಎಂದೋ ಹೇಳಿದ್ದೆ.

"ಕಡೀ ದಿವಸದಾಗ ಹೊರಳಸೂದಿಲ್ಲಲ್ಲ, ಅದಕ್ಕ," ಅಂದೆ.

ನಿಜವಾದ ನಿಯಮವನ್ನೇ ತೆಗೆದುಕೊಂಡು ಸುಳ್ಳು ಹೇಳಿದೆ. ಅವಳ ಮುಖ ಅರಳಿತು. ಹಾಗಾದರೆ ಮರಿ ಬರುತ್ತವಾ, ಈ ವಾರವೇ ಬರುತ್ತವಾ ಎಂದು ಮಲಯಾಳದಲ್ಲಿ ಒಂದೇ ಸಮನೆ ಕೇಳುತ್ತ ಅಪ್ಪನಿಗೆ ಹೇಳಲು ಓಡಿದಳು. ಫೋನು ಮೇಜಿನ ಮೇಲೆ ಬಿದ್ದಿತ್ತು, ನನಗೆ ಮನೆಯ ಫ್ಯಾನು ಕಾಣುತ್ತಿತ್ತು, ಅವಳ ಕೂಗು ಕೇಳುತ್ತಿತ್ತು. ಗುರುವಾರ ತನ್ನ ಇಬ್ಬರು ಗೆಳತಿಯರನ್ನು ಕರೆದು ಡಬ್ಬಿ ತೋರಿಸಿದಳಂತೆ. ಮೇಲಿನ ಚೇಚಿಗೂ ಹೇಳಿದಳಂತೆ. ನಾನು ಗುರುವಾರವೂ ಫೋನಿನಲ್ಲಿ ಏನೂ ಹೇಳಲಿಲ್ಲ. ಫೋನಿನಲ್ಲಿ ಹೇಳುವ ವಿಷಯವಲ್ಲ, ಮನೆಗೆ ಹೋಗಿ ಮೆಲ್ಲಗೆ ಹೇಳುತ್ತೇನೆ ಎಂದು ನನಗೆ ನಾನೇ ಸಮಜಾಯಿಷಿ ಕೊಟ್ಟುಕೊಂಡೆ. ಹೆದರಿದ್ದೆ, ಅಷ್ಟೇ.

ಶನಿವಾರ ಬೆಳಿಗ್ಗೆ ಬಚ್ಚಲುಮನೆಯ ದೀಪ ಆರಿಸಿ, ಬಾಗಿಲು ಹಾಕಿಕೊಂಡು, ಮೊಬೈಲ್ ಟಾರ್ಚಿನ ಮೇಲೆ ಒಂದೊಂದೇ ಮೊಟ್ಟೆ ಹಿಡಿದೆ. ಒಳಗೆ ಜೀವವಿದ್ದರೆ ಹೀಗೆ ಗೊತ್ತಾಗುತ್ತದೆ, ಕೆಂಪು ನರಗಳ ಬಲೆ ಕಾಣುತ್ತದೆ. ಮಗಳು ನನ್ನ ಮೊಣಕೈಗೆ ಆತುಕೊಂಡು ನಿಂತಿದ್ದಳು. ಮೊದಲನೆಯದು ಬರೀ ಮಂಕು ಹಳದಿ. ಎರಡನೆಯದು ಹಾಗೆಯೇ. ಐದಕ್ಕೂ ಅದೇ ಗತಿ. ಎರಡು ಆಗಲೇ ಕುಗ್ಗತೊಡಗಿದ್ದವು.

ಆರನೆಯದನ್ನು ತೆಗೆಯಲು ಕೈ ಹಾಕಿದಾಗ ಮಗಳು ನನ್ನ ಮಣಿಕಟ್ಟು ಹಿಡಿದಳು. ನೋಡಿದರೆ ಅದು ಇನ್ನೂ ಹಂಚಿನ ಚೂರಿನಲ್ಲಿಯೇ ಅಂಟಿಕೊಂಡಿತ್ತು. ಮೇಲೆ ನಾನು ಹಾಕಿದ ಗುಣಿಸುವ ಗುರುತು ಹಾಗೆಯೇ ಇತ್ತು. ಮಗಳು ಬಿಕ್ಕತೊಡಗಿದಳು. ಬಿಡಿಸಲು ಹೋದಾಗ ಚಿಪ್ಪು ಜಗ್ಗಿತಂತೆ, ಹರಿಯುತ್ತದೆಂದು ಹೆದರಿ ಬಿಟ್ಟಳಂತೆ. ಒಂದು ದಿನವೂ ಅದನ್ನು ಹೊರಳಿಸಿಲ್ಲವಂತೆ. ಫೋನಿನಲ್ಲಿ ದಿನವೂ ಆರೂ ಎಂದು ಸುಳ್ಳು ಹೇಳಿದ್ದಳು. ತಾನು ಹೊರಳಿಸದೆ ಇದ್ದದ್ದರಿಂದ ಅದು ಸತ್ತೇ ಹೋಗಿರುತ್ತದೆ ಎಂದು, ಇಷ್ಟು ದಿನ ಒಬ್ಬಳೇ ಈ ಭಾರ ಹೊತ್ತುಕೊಂಡು ತಿರುಗಿದ್ದಳು.

ನಾನು ಹಂಚಿನ ಸಮೇತ, ಓರೆಯಾಗದಂತೆ ಎತ್ತಿ, ಪಕ್ಕದಿಂದ ಟಾರ್ಚು ಬಿಟ್ಟೆ. ನಸುಗೆಂಪು ಬೆಳಕು, ಅದರಲ್ಲಿ ನರಗಳು, ನಡುವೆ ಒಂದು ಕಪ್ಪು ನೆರಳು. ನೆರಳು ಮಿಸುಕಿತು.

ಮಗಳು ಅಳು ನಿಲ್ಲಿಸಿ ಬಾಯಿ ತೆರೆದು ನೋಡಿದಳು. ದೇವರು ನನಗೆ ಎರಡನೆಯ ಅವಕಾಶ ಕೊಟ್ಟಿದ್ದ. ನಿಜ ಹೇಳಲು ಇದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ. ನಾನು ಅವಳ ತಲೆ ಸವರಿ, "ಇದು ಗಟ್ಟಿ ಅದ ನೋಡು," ಎಂದೆ. ಉಳಿದವುಗಳ ಬಗ್ಗೆ ಕೇಳಿದಾಗ, "ಕೆಲವು ತತ್ತಿ ಹಂಗ ಇರ್ತಾವು. ಒಳಗ ಮೊದಲಿಂದನ ಜೀವ ಇರೂದಿಲ್ಲ," ಎಂದೆ. ಅವಳು ನಂಬಿದಳು. ಮೊಟ್ಟೆಯ ವಿಷಯದಲ್ಲಿ ಅಮ್ಮ ಹೇಳಿದ್ದು ಅವಳಿಗೆ ಕೊನೆಯ ಮಾತು. ಗಂಡ ಅಡುಗೆಮನೆಯಲ್ಲಿ ನಿಂತು ಇದನ್ನು ಕೇಳಿಸಿಕೊಂಡರು. ಅವರಿಗೆ ಗೊತ್ತಾಗಿತ್ತು ಎಂದು ಮುಖದಲ್ಲೇ ಕಾಣುತ್ತಿತ್ತು. ನಾನು ಆವತ್ತೇ ಹೇಳಿದ್ದೆ ಎಂದು ಒಂದು ಮಾತು ಅಂದಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. ಅವರು ಚಹಾ ಸೋಸಿ ಕೊಟ್ಟರು.

ಆರನೆಯದನ್ನು ಯಾರೂ ಮುಟ್ಟಲಿಲ್ಲ. ಮಳೆ ಹಿಡಿಯಿತು, ಶಾಲೆ ಶುರುವಾಯಿತು. ವಾರದ ದಿನಗಳಲ್ಲಿ ಮಗಳು ಡಬ್ಬಿಯ ಮುಚ್ಚಳ ತೆಗೆದು ಫೋನಿಗೆ ತೋರಿಸುತ್ತಿದ್ದಳು. ನಾನು ನೀರು ಚಿಮುಕಿಸು ಎನ್ನುತ್ತಿದ್ದೆ, ಬೇರೇನೂ ಇಲ್ಲ. ಮೊಟ್ಟೆ ತೇವ ಕುಡಿದು ಊದಿ ದೊಡ್ಡದಾಗಿತ್ತು. ಅವಳು ಹೊರಳಿಸಲೇ ಎಂದು ಒಮ್ಮೆಯೂ ಕೇಳಲಿಲ್ಲ. ಕೇಳದೆ ಇದ್ದದ್ದನ್ನು ನಾನು ಗಮನಿಸಬೇಕಿತ್ತು.

ಒಂದು ಭಾನುವಾರ ಬೆಳಿಗ್ಗೆ ದೋಸೆ ಹೊಯ್ಯುತ್ತಿದ್ದಾಗ ಅವಳು ಫ್ರಿಜ್ಜಿನ ಹಿಂದಿನಿಂದ ನನ್ನನ್ನು ಕರೆದಳು. ಚಿಪ್ಪು ಸೀಳಿತ್ತು. ಸೀಳಿನಲ್ಲಿ ಒಂದು ಸಣ್ಣ ಮೂತಿ, ತೇವದಿಂದ ಹೊಳೆಯುವ ಎರಡು ಕಣ್ಣು. ಅದು ತನ್ನ ಪಾಡಿಗೆ ಸುಸ್ತಾದಾಗ ನಿಂತು, ಮತ್ತೆ ನುಗ್ಗಿ, ಹೊರಗೆ ಬಂತು. ಬೆರಳುದ್ದವೂ ಇಲ್ಲ, ಆದರೆ ಎಲ್ಲ ಪೂರ್ತಿಯಾಗಿತ್ತು. ನಾಲ್ಕು ಕಾಲು, ಕಾಲಿಗೆ ಬೆರಳು, ಬೆರಳಿಗೆ ಉಗುರು. ಇಷ್ಟು ವರ್ಷ ಮರಿ ಹುಟ್ಟಿಸಿದವಳು ನಾನು, ಆದರೂ ಕಣ್ಣಲ್ಲಿ ನೀರು ಬಂತು. ಒಲೆಯ ಮೇಲಿನ ದೋಸೆ ಸೀದು ಹೋಯಿತು.

ಮಗಳು ಕುಣಿಯಲಿಲ್ಲ. ಮರಿಯನ್ನು ಬಹಳ ಹೊತ್ತು ನೋಡಿ, ನನ್ನ ಕಡೆ ತಿರುಗದೆ ಹೇಳಿದಳು. "ತಿರಿಚ್ಚದೆಲ್ಲಾಂ ಚತ್ತು. ತಿರಿಕ್ಕಾತ್ತದು ಜೀವಿಚ್ಚು."

ಹೊರಳಿಸಿದವೆಲ್ಲ ಸತ್ತವು, ಹೊರಳಿಸದೆ ಬಿಟ್ಟದ್ದು ಬದುಕಿತು. ಅವಳು ಹೇಳಿದ್ದು ಇಷ್ಟೇ. ನನ್ನ ಬಾಯಿಂದ ಬರಬೇಕಾದ ಮಾತು ಅವಳ ಬಾಯಿಂದ ಬಂತು. ನಾನು ಒಲೆ ಆರಿಸಿ ಬಂದು ಅವಳ ಪಕ್ಕ ಕೂತೆ. ಎಲ್ಲ ಹೇಳಿದೆ. ಕೋಳಿಯ ಹುರಿ, ಹಾವುರಾಣಿಯ ಅಂಟು, ನನ್ನ ಜಂಬ, ಅಪ್ಪ ಕೇಳಿದ ಪ್ರಶ್ನೆ. "ನಿನ್ನ ಕೈದು ಏನೂ ತಪ್ಪಿಲ್ಲವ್ವಾ. ನೀ ನಾ ಹೇಳಿಧಂಗ ಮಾಡೀದಿ. ತಪ್ಪೆಲ್ಲ ನಂದು," ಎಂದು ಅವಳ ಎರಡೂ ಕೈ ಹಿಡಿದುಕೊಂಡೆ.

"ಅದೆನಿಕ್ಕರಿಯಾಂ," ಎಂದಳು. ಅದು ನನಗೆ ಗೊತ್ತು ಎಂದು. ಕೈ ಬಿಡಿಸಿಕೊಂಡಳು. ನಾನು ಇಷ್ಟು ದಿನ ಹೆದರಿದ್ದು ಅವಳು ತನ್ನ ಕೈಯನ್ನು ಶಪಿಸಿಕೊಳ್ಳುತ್ತಾಳೆ ಎಂದು. ಆ ಲೆಕ್ಕವನ್ನು ಅವಳು ತಾನೇ ಎಂದೋ ಮಾಡಿ ಮುಗಿಸಿದ್ದಳು. ಅವಳಿಗೆ ಬೇಕಾಗಿದ್ದದ್ದು ಬೇರೆ.

"ಅಮ್ಮ ಎಪ್ಪೋಳಾ ಅರಿಞ್ಞದು?"

ನಿನಗೆ ಯಾವಾಗ ಗೊತ್ತಾಯಿತು? ಈಗಷ್ಟೇ ಎಂದುಬಿಡಬಹುದಿತ್ತು. ಅವಳ ಕಣ್ಣು ನೋಡಿ ಆಗಲಿಲ್ಲ.

"ಆ ಬುಧವಾರ," ಎಂದೆ. "ಹೊರಳಸೂದು ಬ್ಯಾಡ ಅಂದೆನಲ್ಲ, ಆವತ್ತು."

ಅವಳು ನೆನಪಿಸಿಕೊಂಡಳು. ಮುಖದ ಮೇಲೆ ಅದು ಹಾದುಹೋಗುವುದನ್ನು ನಾನು ಕಂಡೆ. ತಲೆ ಸ್ನಾನ ಮಾಡಿದ ಸಂಜೆ, ಓಡಿ ಹೋಗಿ ಅಪ್ಪನಿಗೆ ಹೇಳಿದ್ದು, ಗೆಳತಿಯರನ್ನು ಕರೆದದ್ದು. ಅವಳು ಅಳಲಿಲ್ಲ, ಸಿಟ್ಟಾಗಲೂ ಇಲ್ಲ. ಡಬ್ಬಿ ಎತ್ತಿಕೊಂಡು ಹಿತ್ತಲಿಗೆ ಹೋಗಿ, ಸರಿಸಿಟ್ಟಿದ್ದ ಹಂಚಿನ ರಾಶಿಯ ಬುಡದಲ್ಲಿ ಓರೆ ಮಾಡಿದಳು. ಮರಿ ಒಂದು ಕ್ಷಣ ನಿಂತು, ಹಂಚಿನಡಿಗೆ ಹೋಯಿತು. ಮಹಡಿಯ ಮೆಟ್ಟಿಲ ಮೇಲಿನಿಂದ ಚೇಚಿ ನೋಡುತ್ತಿದ್ದರು.

ಅರಣಕ್ಕೆ ಮರೆವು ಜಾಸ್ತಿ ಎಂದು ಇಲ್ಲಿಯವರು ನಂಬಿದರೆ ನನಗೆ ಈಗ ಸಿ‌ಟ್ಟು ಬರುವುದಿಲ್ಲ. ಆ ಗುಣ ನನ್ನ ಮಗಳಿಗೆ ಸ್ವಲ್ಪ ಇದ್ದಿದ್ದರೆ ಎಂದು ಆಸೆಯಾಗುತ್ತದೆ. ಅವಳು ನನ್ನೊಂದಿಗೆ ಚೆನ್ನಾಗಿಯೇ ಇದ್ದಾಳೆ. ನಗುತ್ತಾಳೆ, ಪ್ರಶ್ನೆ ಕೇಳುತ್ತಾಳೆ, ಹಿತ್ತಲಲ್ಲಿ ಹಾವುರಾಣಿ ಕಂಡರೆ ಫೋನು ಮಾಡಿ ಹೇಳುತ್ತಾಳೆ. ಆದರೆ ಒಂದು ಹೊಸ ರೂಢಿ ಬಂದಿದೆ. ಶುಕ್ರವಾರ ಸಂಜೆ ಎರ್ನಾಕುಲಂ ಸ್ಟೇಷನ್ನಿನಿಂದ ನಾನು ಕರೆ ಮಾಡಿ ರೈಲು ಹತ್ತಿದೆ ಎಂದು ಹೇಳುತ್ತೇನೆ. ಮೊದಲು ಆ ಒಂದು ಮಾತು ಸಾಕಾಗುತ್ತಿತ್ತು. ಈಗ ಅವಳು ಜಗಳದ ಧ್ವನಿಯಿಲ್ಲದೆ, ಊಟ ಆಯಿತಾ ಎಂದು ಕೇಳುವ ಹಾಗೆ, ಫೋನ್ ತಿರುಗಿಸಿ ತೋರಿಸು ಎನ್ನುತ್ತಾಳೆ. ನಾನು ತಿರುಗಿಸುತ್ತೇನೆ. ಬೋಗಿಯ ಸೀಟು, ಎದುರು ಕೂತವರ ಚೀಲ, ಕಿಟಕಿಯಾಚೆ ಜರುಗುತ್ತಿರುವ ಪ್ಲಾಟ್‌ಫಾರ್ಮು, ಒಂದೊಂದನ್ನೇ ತೋರಿಸುತ್ತೇನೆ. ಅವಳು ಎಲ್ಲ ನೋಡಿ ಮುಗಿಸಿದ ಮೇಲೆ ಸರಿ ಎನ್ನುತ್ತಾಳೆ.